ಹಡಗಿನಿಂದ ಇಳಿದ ತಮ್ಮನಿಗೆ

ಸಾಂತಾ ಲೂಸಿಯಾ ಕೇರಿ,
ಕಾರ್ತಹೇನಾ, ಸ್ಪೇನ್
14 ಅಕ್ಟೋಬರ್ 2018, ಭಾನುವಾರ

ಹಿನೇಸ್,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ, ಬಿಟ್ಟಿದ್ದೇನೆ. ಆದರೂ ಅಮ್ಮ ಕಲಿಸಿದ ರೀತಿ ಬಿಡಬಾರದು. ಹೇಗಿದ್ದೀಯ? ನಿನ್ನ ಹೆಂಡತಿ, ಮಗಳು ಆರೋಗ್ಯವೇ? ನಾನು ಕಂಡ ಮಟ್ಟಿಗೆ ನೀನು ಚೆನ್ನಾಗಿಯೇ ಇದ್ದೀಯ. ಹೊಟ್ಟೆ ಬಂದಿದೆ, ನೆತ್ತಿಯ ಕೂದಲು ಹೋಗಿದೆ, ಹ್ಯಾಂಬರ್ಗಿನ ಊಟ ಮೈಗೆ ಹತ್ತಿದೆ. ಹೌದು, ನೋಡಿದೆ. ಗುರುವಾರ ಹಡಗುಕಟ್ಟೆಯಲ್ಲಿ ‘ಲೋ ಹಿನೇಸ್’ ಎಂದು ಗಂಟಲು ಹರಿಯುವಂತೆ ಕೂಗಿದವಳು ನಾನೇ. ಬೇರೆ ಯಾರನ್ನೋ ಕೂಗಿದರು ಎಂದುಕೊಂಡೆ ಎಂದು ಬರೆಯಬೇಡ. ನೀನು ತಿರುಗಿದೆ. ನನ್ನ ಮುಖವನ್ನೇ ನೋಡಿದೆ. ಮಗಳ ಹೆಗಲ ಮೇಲೆ ಕೈಯಿಟ್ಟು ಹಡಗಿನೊಳಗೆ ನಡೆದುಬಿಟ್ಟೆ.

ನನಗೆ ಹೇಗೆ ತಿಳಿಯಿತು ಎಂದು ತಲೆ ಕೆಡಿಸಿಕೊಂಡಿರಬೇಕು, ಹೇಳುತ್ತೇನೆ. ನಿಮ್ಮ ಪ್ರವಾಸಿ ಗುಂಪಿಗೆ ರೋಮನ್ ರಂಗಮಂದಿರ ತೋರಿಸಿದ ಹುಡುಗಿಯ ಗುರುತು ನಿನಗೆ ಸಿಕ್ಕಲಿಲ್ಲ ಅಲ್ಲವೇ? ಅವಳು ನಿಯೇವೆಸ್, ಬೇಕರಿ ಬ್ಲಾಸನ ಮಗಳು. ನೀನು ಊರು ಬಿಟ್ಟಾಗ ಎಂಟು ವರ್ಷದವಳು. ನಿನ್ನ ಹೆಗಲ ಮೇಲೆ ಕೂತು ಮೆರವಣಿಗೆ ನೋಡಿದವಳು. ಅವಳು ಕಲ್ಲುಗಳನ್ನು ತೋರಿಸಿ, ನೆಲ ಅಗೆದು ಇವೆಲ್ಲ ಸಿಗುವ ಮುಂಚೆ ಇವುಗಳ ಮೇಲೆ ಬಡವರ ಮನೆಗಳಿದ್ದವು ಎಂದಾಗ ನೀನು ಕೇಳಿದೆಯಂತೆ, “ಆ ಮನೆಯವರೆಲ್ಲ ಎಲ್ಲಿ ಹೋದ್ರು?” ಆಹಾ! ಎಷ್ಟು ಕಾಳಜಿ! ನಿನಗೆ ಗೊತ್ತಿಲ್ಲವೇನೋ ಅವರು ಎಲ್ಲಿ ಹೋದರೆಂದು? ನಮ್ಮನ್ನು ಅಲ್ಲಿಂದ ಎಬ್ಬಿಸಿದ ದಿನ ಹಾಸಿಗೆ ಹೊತ್ತುಕೊಂಡು ಇಳಿಜಾರಿನಲ್ಲಿ ಅಳುತ್ತ ಬಂದವನು ನೀನೇ. ಅಪ್ಪ ಸಾಯುವವರೆಗೂ ಭಾನುವಾರ ಪೂಜೆ ಮುಗಿಸಿ ಬೇಲಿಯ ಈಚೆ ನಿಂತು, ‘ಅಗೋ, ಅಲ್ಲಿ ನಮ್ಮ ಒಲೆ ಇತ್ತು’ ಎಂದು ಕೈ ತೋರಿಸುತ್ತಿದ್ದ. ಆ ಒಲೆಯ ಜಾಗವನ್ನು ನೀನು ಟಿಕೆಟ್ ತೆಗೆದುಕೊಂಡು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಜರ್ಮನರ ಜೊತೆ ನಿಂತು ನೋಡಿ ಫೋಟೊ ಹೊಡೆದುಕೊಂಡೆ.

ನಿಯೇವೆಸ್‌ಗೆ ಆಗಲೇ ಅನುಮಾನ ಬಂದಿತ್ತಂತೆ. “ನಿಮ್ಮ ಸ್ಪ್ಯಾನಿಷ್ ಬಹಳ ಚೆನ್ನಾಗಿದೆ ಸಾರ್, ಯಾವೂರು ನಿಮ್ದು?” ಎಂದು ಕೇಳಿದ್ದಾಳೆ. ನೀನು “ಮಾದ್ರಿದ್” ಎಂದಿದ್ದೀಯ. ಅಂದ ಮರುಗಳಿಗೆಯೇ ಮಗಳು ಹಿಂದೆ ಬಿದ್ದಳೆಂದು “ಪೊಕೀಕೊ ತಡೀರಿ” ಎಂದಿದ್ದೀಯ. ಹದಿನೇಳು ವರ್ಷ ಪರದೇಶದಲ್ಲಿದ್ದರೂ ‘ಸ್ವಲ್ಪ’ ಎನ್ನುವುದಕ್ಕೆ ನಮ್ಮ ಕೇರಿಯವರ ಮಾತೇ ಬಾಯಿಗೆ ಬಂತು ನೋಡು. ಯಾವ ಮಾದ್ರಿದಿನವನು ಹಾಗೆ ಅನ್ನುತ್ತಾನೆ? ಆಮೇಲೆ ಅವಳು ನಿನ್ನ ಎಡಹುಬ್ಬಿನ ಮೇಲಿನ ಗಾಯದ ಗುರುತು ನೋಡಿದಳು. ನಾನು ಪಾತ್ರೆಯ ಮುಚ್ಚಳ ಎಸೆದು ಮಾಡಿದ್ದು. ಅವತ್ತು ಅಮ್ಮನ ಕೈಯಲ್ಲಿ ಹೊಡೆತ ತಿಂದಿದ್ದೆ. ಈಗ ಅನ್ನಿಸುತ್ತಿದೆ, ಇನ್ನೂ ಸ್ವಲ್ಪ ಜೋರಾಗಿ ಎಸೆಯಬೇಕಿತ್ತು.

ಅವಳಿಗೆ ಇನ್ನೊಂದು ಗುಂಪು ಇತ್ತು. ಅದನ್ನು ಮುಗಿಸಿ ನಾಲ್ಕು ಗಂಟೆಯ ಮೇಲೆ ಫೋನ್ ಮಾಡಿದಳು. “ಆಗೆದಕ್ಕಾ, ನಿಮ್ ತಮ್ಮ ಬಂದಿದ್ದಾರಲ್ಲ, ಮನೇಲಿ ಹಬ್ಬವಾ?” ನಾನು ಮೀನು ಹರಾಜಿನ ಕಟ್ಟೆಯಲ್ಲಿದ್ದೆ. ಕೈಯಲ್ಲಿದ್ದ ಪೆಟ್ಟಿಗೆಯನ್ನು ಅಲ್ಲೇ ಹಾಕಿ, ರಬ್ಬರ್ ಬೂಟಿನಲ್ಲೇ, ಏಪ್ರನ್ ಕೂಡ ಬಿಚ್ಚದೆ ಕಡಲ ದಂಡೆಯುದ್ದಕ್ಕೂ ಓಡಿದೆ. ಐವತ್ತಮೂರು ವರ್ಷದವಳು ಹಾಗೆ ಓಡುವುದನ್ನು ಕಂಡು ಕಾಫಿ ಕುಡಿಯುತ್ತ ಕೂತಿದ್ದವರು ಎದ್ದು ನಿಂತರು. ಬೈಯಲೆಂದೇ ಓಡಿದೆನೋ, ತಬ್ಬಿಕೊಳ್ಳಲು ಓಡಿದೆನೋ ನನಗೇ ಗೊತ್ತಿರಲಿಲ್ಲ. ಗೇಟಿನ ಕಾವಲುಗಾರ ಅಡ್ಡ ಬಂದ. “ಟಿಕೆಟ್ ಇದ್ರೆ ಮಾತ್ರ ಒಳಗೆ, ಅಮ್ಮಾ.” “ಅಲ್ಲಿರೋನು ನನ್ ತಮ್ಮ ಕಣಯ್ಯಾ” ಎಂದೆ. “ಹಾಗಾದ್ರೆ ಅವರೇ ಈಚೆ ಬರ್ತಾರೆ ಬಿಡಿ” ಎಂದ. ಅಷ್ಟು ಸಣ್ಣ ಮಾತು. ಅದೂ ಸುಳ್ಳಾಯಿತು. ನೀನು ಒಳಗೆ ಹೋದ ಮೇಲೆ ಅವನು ನನ್ನ ಮುಖ ನೋಡಲಾರದೆ ನೆಲ ನೋಡುತ್ತ ನಿಂತ. ಪರರ ಮುಂದೆ ನನಗೆ ಇಂಥ ಅವಮಾನ ಅಪ್ಪನ ಮಣ್ಣಿನ ದಿನ ಆದದ್ದು ಬಿಟ್ಟರೆ ಎಂದೂ ಆಗಿರಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ಶವಪೆಟ್ಟಿಗೆಗೆ ಹೆಗಲು ಕೊಡಲು ನೀನು ಬರಲಿಲ್ಲ. ರಜೆ ಸಿಗಲಿಲ್ಲ ಎಂದೆ. ನೀನು ನಿಲ್ಲಬೇಕಾದ ಕಡೆ ಬೇಕರಿ ಬ್ಲಾಸ ನಿಂತ. ಆವತ್ತು ನಾನು ಫೋನಿನಲ್ಲಿ, “ನೀನು ಈ ಹೊಸ್ತಿಲು ತುಳಿದ ಕ್ಷಣ ನಾನು ಮನೆ ಬಿಟ್ಟು ಹೋಗ್ತೀನಿ, ಅಮ್ಮನ್ನ ನೀನೇ ನೋಡ್ಕೋ” ಎಂದಿದ್ದೆ. ಅಮ್ಮ ಪಕ್ಕದಲ್ಲೇ ಕೂತಿದ್ದಳು. ಆ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಅಕ್ಕ ಬೈದಳೆಂದು ತಾಯಿಯನ್ನು ನೋಡದೆ ಹೋಗುವವನು ಮಗನೇ? ಹಡಗುಕಟ್ಟೆಯಿಂದ ನಮ್ಮ ಮನೆಗೆ ಕಾಲು ಗಂಟೆಯ ದಾರಿ. ಅಮ್ಮನಿಗೆ ಎಂಬತ್ತೊಂದು. ಮಂಡಿ ಹಿಡಿದುಕೊಂಡು ಗೋಡೆ ತಡವುತ್ತ ನಡೆಯುತ್ತಾಳೆ. ಕ್ರಿಸ್ಮಸ್ಸಿಗೆ ನೀನು ಕಳಿಸಿದ ಒಂದು ಕಾರ್ಡನ್ನು ಮುಂದಿನ ಕ್ರಿಸ್ಮಸ್ಸಿನವರೆಗೂ ಎಲ್ಲರಿಗೂ ತೋರಿಸುತ್ತಾಳೆ. ಒಂದು ದಿನ, ಒಂದು ಗಳಿಗೆ ಬಂದು, ‘ಅಮ್ಮಾ’ ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಹೆಂಡತಿಯ ಮುಂದೆ ನಾಚಿಕೆಯಾಯಿತೇ? ಮೀನಿನ ನಾತದ ಅಕ್ಕ, ಎರಡು ಕೋಣೆಯ ಮನೆ, ಹಗ್ಗದ ಮೇಲೆ ಒಣಗುವ ಹಳೇ ಬಟ್ಟೆ, ಇವನ್ನೆಲ್ಲ ತೋರಿಸಲಾರದೆ ಮಾದ್ರಿದಿನವನಾದೆಯಾ?

ಅಮ್ಮನಿಗೆ ನಾನು ಏನೂ ಹೇಳಿಲ್ಲ. ಪಾಪ, ಏನೂ ತಿಳಿಯದೆ ಮೂರು ದಿನದಿಂದ ಅವಳು ಗೆಲುವಾಗಿದ್ದಾಳೆ. ನಿನ್ನೆ ತಾನೇ ಕೂತು ಮೀನಿನ ಸಾರಿನಲ್ಲಿ ಅನ್ನ ಬೇಯಿಸಿದಳು, ಬೆಳ್ಳುಳ್ಳಿ ಅರೆದಳು. ನಾನು ತಟ್ಟೆಯ ಮುಂದೆ ಕೂತು ಇದ್ದ ಸಿಟ್ಟನ್ನೆಲ್ಲ ಉಪ್ಪು ಕಡಿಮೆಯೆಂದು ಅವಳ ಮೇಲೆ ತೀರಿಸಿಕೊಂಡೆ. ಅದೂ ನಿನ್ನ ಲೆಕ್ಕಕ್ಕೇ ಇರಲಿ.

ಇನ್ನು ನೀನು ಕಾರ್ಡ್ ಕಳಿಸಬೇಡ. ಫೋನ್ ಮಾಡಿ ಹಬ್ಬದ ಶುಭಾಶಯ ಹೇಳಬೇಡ. ಇನ್ನೊಮ್ಮೆ ಈ ಬಂದರಿಗೆ ಬಂದರೆ ಹಡಗಿನಲ್ಲೇ ಕೂತು ದೂರದಿಂದ ನೋಡಿಕೊಂಡು ಹೋಗು. ನಿನ್ನ ಹೆಂಡತಿಗೆ ನನ್ನ ನಮಸ್ಕಾರ, ಅವಳು ನನಗೆ ಏನೂ ಕೆಟ್ಟದ್ದು ಮಾಡಿಲ್ಲ. ಮಗುವಿಗೆ ಆಶೀರ್ವಾದ. ಕಾರಿದಾದ್ ಮಾತೆ ಅವಳನ್ನಾದರೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ (ಈಗಲೂ ಹಾಗೆ ಅನ್ನಬಹುದಾದರೆ),
ಆಗೆದಾ

ತಾ.ಕ.: ಲಕೋಟೆಯ ಮೇಲೆ ನಿನ್ನ ವಿಳಾಸ ಬರೆಯುತ್ತಿದ್ದಾಗ ಅಮ್ಮ ಹಿಂದೆ ಬಂದು ನಿಂತಳು. “ಅವನಿಗೇನೇ ಬರೀತಿದ್ದೀಯ?” ಎಂದಳು. ನಾನು ತಡೆಯಲಾರದೆ ಎಲ್ಲ ಒದರಿಬಿಟ್ಟೆ. ಅವಳು ಕುರ್ಚಿ ಎಳೆದು ಕೂತಳು. “ಮನೆಗೆ ಬಂದಿದ್ದ ಕಣೇ” ಎಂದಳು. ತಾನೇ ಫೋನಿನಲ್ಲಿ ‘ಅವಳು ಎರಡು ಗಂಟೆಗೆ ಕೆಲಸಕ್ಕೆ ಹೋಗ್ತಾಳೆ, ಆಮೇಲೆ ಬಾ, ಯಾರಿಗೂ ಗೊತ್ತಾಗದ ಹಾಗೆ ಬಾ’ ಎಂದಿದ್ದಳಂತೆ. ನಾನು ಬೂಟು ಹಾಕಿಕೊಂಡು ಹೊರಡುವವರೆಗೂ ನೀನು ಹೆಂಡತಿ ಮಗಳನ್ನು ಕಟ್ಟಿಕೊಂಡು ಬೀದಿಯ ಮೂಲೆಯಲ್ಲಿ ಕಾದು ನಿಂತಿದ್ದೆಯಂತೆ. ಮಗುವಿನ ಕಿವಿ ಥೇಟ್ ನಮ್ಮ ಅಪ್ಪನದೇ ಅಂತೆ. ಅಕ್ಕನ ಕಣ್ಣಿಗೆ ಬೀಳಬೇಡ ಎಂದು ಆಣೆ ಹಾಕಿಸಿದವಳೂ ಅವಳೇ. “ಯಾಕಮ್ಮಾ?” ಎಂದು ಕಿರುಚಿದೆ. “ನೀನು ಬಿಟ್ಟು ಹೋದ್ರೆ ನನಗ್ಯಾರೇ ಇದ್ದಾರೆ?” ಎಂದಳು. ಒಂಬತ್ತು ವರ್ಷ ಅವಳು ನನ್ನ ಆ ಮಾತಿಗೆ ಹೆದರಿಕೊಂಡೇ ನನ್ನ ಜೊತೆ ಊಟ ಮಾಡಿದ್ದಾಳೆ, ಹಿನೇಸ್.

ಮೇಲಿನದನ್ನು ಹರಿದು ಹಾಕುವುದಿಲ್ಲ. ಓದು, ನಿನಗೂ ಉರಿಯಲಿ. ನನ್ನ ಸಿಟ್ಟು ಇಳಿದಿಲ್ಲ, ಯಾರ ಮೇಲೆ ಎಂಬುದಷ್ಟೇ ಈಗ ಗೊತ್ತಾಗುತ್ತಿಲ್ಲ. ಲಕೋಟೆ ಅಂಟಿಸುವ ಮುಂಚೆ ಬೇಗ ಹೇಳಿಬಿಡುತ್ತೇನೆ. ಭಾನುವಾರ ನನಗೆ ಕೆಲಸವಿಲ್ಲ. ದಿನವಿಡೀ ಮನೆಯಲ್ಲೇ ಇರುತ್ತೇನೆ. ಭಾನುವಾರ ಬಾ.