ಅಮ್ಮತ್ತಿ ಸಂತೆಯ ಮಡಿಕೆ ಟೊಮೆಟೊ

ಕೂಡಿಗೆ, ಕುಶಾಲನಗರದ ಹತ್ತಿರ
21 ಫೆಬ್ರವರಿ 1954

ತಂಗಿ ಬೆಳ್ಳಮ್ಮನಿಗೆ,

ಹೋದ ವಾರ ಟೊಮೆಟೊ ಬೀಜ ಕೇಳಿಕೊಂಡು ನಿಮ್ಮ ಎಸ್ಟೇಟಿನ ಲೈನು ಮನೆಗೆ ಬಂದಿದ್ದೆನಲ್ಲ, ಆ ಹೆಂಗಸು ಬರೆಯುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕೆಂದು ಹೇಳಿ ಈ ಕಾಗದವನ್ನು ಅಂಗಡಿ ಕುಟ್ಟಪ್ಪನಿಗೆ ಕಳಿಸಿದ್ದೇನೆ. ಕುಳಿತುಕೊಂಡು ಓದು. ಹೊಟ್ಟೆಯಲ್ಲಿ ಮಗುವಿರುವವಳಿಗೆ ಬರೆಯಬಾರದ ಮಾತು ಇದರಲ್ಲಿದೆ.

ನೀನು ಕೊಟ್ಟ ಹಣ್ಣನ್ನು ಹಿಚುಕಿ, ಕುಡಿಕೆಯಲ್ಲಿ ಹುಳಿಯಲು ಬಿಟ್ಟು, ನೊರೆ ಬಂದ ಮೇಲೆ ತೊಳೆದು, ಬೂದಿ ಸವರಿ ಒಣಗಿಸಿದೆ. ಬೀಜ ಗಟ್ಟಿಯಾಗಿದೆ. ಅರ್ಧವನ್ನು ಇದರೊಳಗೆ ಮಡಿಸಿಟ್ಟಿದ್ದೇನೆ, ನಿನಗೂ ಇರಲಿ.

ಈ ಸಲ ನಮ್ಮ ಹಿತ್ತಲಿನಲ್ಲಿ ಒಂದು ಗಿಡವೂ ಉಳಿಯಲಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ಸೊರಗು ರೋಗ ಬಂದು, ಎಲೆ ಹಸಿರಾಗಿರುವಾಗಲೇ ಜೋತುಬಿದ್ದವು. ತೆಗೆದಿಟ್ಟಿದ್ದ ಬೀಜಕ್ಕೆ ಮಳೆಗಾಲದಲ್ಲೇ ಮುಗ್ಗು ಹಿಡಿದಿತ್ತು. ನನ್ನ ಅತ್ತೆ ಲಿಂಗಮ್ಮ ಹಾಸನದ ಕಡೆಯಿಂದ ಇಲ್ಲಿಗೆ ಒಕ್ಕಲು ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದ ತಳಿ ಅದು. ಕುಂಬಳಕಾಯಿಯಂತೆ ಮಡಿಕೆ ಮಡಿಕೆಯಾಗಿ, ಮಾಗಿದರೂ ತೊಟ್ಟಿನ ಸುತ್ತ ಹಸಿರು ಬಿಡದ ಹುಳಿ ಹಣ್ಣು. ಸಂತೆಗೆ ಬರುವ ಗುಂಡು ಟೊಮೆಟೊವನ್ನು ಅತ್ತೆ ಮುಟ್ಟುವುದಿಲ್ಲ. ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದಾರೆ, ಅನ್ನ ಸೇರುವುದಿಲ್ಲ, ಆ ಹಣ್ಣಿನ ಸಾರು ಬೇಕೆಂದು ಮಗುವಿನಂತೆ ಹಟ ಮಾಡುತ್ತಿದ್ದರು.

ಆಗ ಪಕ್ಕದ ಮನೆಯ ತಿಮ್ಮಯ್ಯ, ಗಾಡಿ ಹೊಡೆಯುವವನು, ಬಂದು ಹೇಳಿದ. “ಅಕ್ಕಾ, ನಿಮ್ಮನೆ ಮಡಿಕೆ ಹಣ್ಣ ಅಮ್ಮತ್ತಿ ಸಂತೇಲಿ ಕಂಡೆ ಕಣಕ್ಕ.”

ನಾನು ಅನ್ನ ಬಸಿಯುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಆ ಬೀಜ ನಮ್ಮ ಮನೆಯಿಂದ ಹೊರಗೆ ಹೋಗಿದ್ದು ಒಂದೇ ಸಲ. ಎಸ್ಟೇಟ್ ಕೆಲಸಕ್ಕೆಂದು ಹೊರಟ ನನ್ನ ಗಂಡನ ಗಂಟಿನಲ್ಲಿ. ಹೋಗಿ ಮೂರು ವರ್ಷವಾಯಿತು. ಒಂದು ಕಾಗದವಿಲ್ಲ, ಸುದ್ದಿಯಿಲ್ಲ.

ಬಸ್ಸು ಹತ್ತಿ ಅಮ್ಮತ್ತಿಗೆ ಬಂದೆ. ಹಣ್ಣು ಯಾರು ಬೆಳೆಯುತ್ತಾರೆಂದು ಕೇಳಿದ್ದಕ್ಕೆ ಕುಟ್ಟಪ್ಪ, “ಲೈನಿನ ಬೆಳ್ಳಮ್ಮ ತರ್ತಾಳೆ, ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಸಿದ್ದರಾಜು ಹೆಂಡ್ತಿ” ಎಂದ. ಆ ಹೆಸರು ಕೇಳಿದ ಮೇಲೆ ನಿನ್ನ ಬಾಗಿಲವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಬೀದಿಯಲ್ಲಿ ನಿಂತು ಕೂಗಾಡಬೇಕು, ನಿನ್ನ ಜುಟ್ಟು ಹಿಡಿಯಬೇಕು ಎಂದುಕೊಂಡೇ ಬಂದೆ.

ನೀನು ತುಂಬು ಹೊಟ್ಟೆ ಹೊತ್ತು ಹೊರಗೆ ಬಂದೆ. “ಕೂತ್ಕೊಳಿ ಅಕ್ಕ, ಬಿಸಿಲಲ್ಲಿ ಬಂದಿದ್ದೀರಿ” ಎಂದು ಮಜ್ಜಿಗೆ ಕೊಟ್ಟೆ. ನನ್ನ ಹೆಸರು ಕೇಳಿದೆ. ನಾನು ನಿಂಗಮ್ಮ ಎಂದೆ. ಯಾಕೆ ಹಾಗೆಂದೆನೋ, ಬಾಯಿಗೆ ಬಂತು.

ಗಿಡ ತೋರಿಸುತ್ತಾ ನೀನೇ ಹೇಳಿದೆ. “ಇದು ನಮ್ಮತ್ತೆ ಬೀಜ ಅಕ್ಕ. ನಾನವರನ್ನ ನೋಡ್ಲೇ ಇಲ್ಲ. ಸಿಡುಬಲ್ಲಿ ಅವರೂ ಹೋದ್ರು, ಇವರ ಮೊದಲ್ನೇ ಹೆಂಡ್ತಿ ಚಲುವಮ್ಮನೂ ಹೋದ್ರು. ಪಿತೃಪಕ್ಷಕ್ಕೆ ಇಬ್ರಿಗೂ ಎಡೆ ಇಡ್ತೀನಿ. ಆ ಅಕ್ಕನಿಗೆ ಅಂತ ಹಸಿರು ಬಳೇನೂ ಇಡ್ತೀನಿ.”

ಬೆಳ್ಳಮ್ಮ, ಆ ಚಲುವಮ್ಮ ನಾನೇ. ನಮ್ಮ ಮನೆಗೆ ಸಿಡುಬು ಬಂದಿಲ್ಲ. ಅತ್ತೆ ಬದುಕಿದ್ದಾರೆ.

ಅರ್ಧ ಕುಡಿದ ಮಜ್ಜಿಗೆ ಲೋಟವನ್ನು ಗಿಡದ ಬುಡದಲ್ಲಿಟ್ಟೆ. ನೀನು ಅದನ್ನು ಗಮನಿಸದೆ, ಬೀಜಕ್ಕೆಂದು ನೂಲು ಕಟ್ಟಿ ಗಿಡದಲ್ಲೇ ಬಿಟ್ಟಿದ್ದ ದೊಡ್ಡ ಹಣ್ಣುಗಳನ್ನು ಕಿತ್ತು ನನ್ನ ಮಡಿಲಿಗೆ ಹಾಕಿದೆ. ಬೇಡವೆಂದರೂ ಕೇಳಲಿಲ್ಲ. ಹಿಂದಿರುಗುವಾಗ ಬಸ್ಸು ಸೇತುವೆಯ ಮೇಲೆ ನಿಂತಿತು. ಎಲ್ಲವನ್ನೂ ಕಾವೇರಿಗೆ ಎಸೆದುಬಿಡಬೇಕೆನಿಸಿತು. ಒಂದನ್ನು ಎಸೆದೆ. ಎರಡನೆಯದಕ್ಕೆ ಕೈ ಏಳಲಿಲ್ಲ.

ಅತ್ತೆ ಸಾರು ಕಲಸಿದ ಅನ್ನ ತಿಂದರು. ಕೊಟ್ಟವರು ಯಾರೆಂದು ಕೇಳಿದರು. ಅಮ್ಮತ್ತಿಯ ಒಬ್ಬ ಹುಡುಗಿ ಎಂದೆ. “ಆ ಮಗಿಗೆ ಒಳ್ಳೇದಾಗ್ಲಿ” ಎಂದರು. ಆಮೇಲೆ ತಟ್ಟೆ ಪಕ್ಕಕ್ಕಿಟ್ಟು, “ನನ್ ಮಗ ಏನಾರ ಕಂಡ್ನ?” ಎಂದರು. ಇಲ್ಲವೆಂದೆ.

ನಿನ್ನ ಗಂಡನನ್ನು ನಾನು ವಾಪಸ್ ಕೇಳುತ್ತಿಲ್ಲ. ಕೇಳಬೇಕೆಂಬ ಆಸೆಯೂ ಈಗಿಲ್ಲ. ನಿನ್ನ ಹೆರಿಗೆ ಆಗುವವರೆಗಾದರೂ ಬಾಯಿ ಬಿಡಬಾರದು ಎಂದೇ ಇದ್ದೆ. ಆದರೆ ಅತ್ತೆ ಬಹಳ ದಿನ ಇರುವ ಹಾಗೆ ಕಾಣುವುದಿಲ್ಲ. ಒಮ್ಮೆ ಅವರ ಮಗನನ್ನು ಇಲ್ಲಿಗೆ ಕಳಿಸು. ಅವರು ಬಂದಾಗ ನಾನು ಹೊಲದ ಕಡೆ ಹೋಗಿರುತ್ತೇನೆ. ಬರಲು ಒಪ್ಪದಿದ್ದರೆ ಏನು ಮಾಡಬೇಕೆಂದು ನನಗೆ ತಿಳಿಯದು, ನೀನೇ ಯೋಚಿಸು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನಿನ್ನ ಮಗು ಸುಖವಾಗಿ ಹುಟ್ಟಲಿ, ಇದು ಸುಳ್ಳಲ್ಲ. ಮುಂದಿನ ಪಿತೃಪಕ್ಷಕ್ಕೆ ನನಗೆ ಎಡೆ ಇಡಬೇಡ.

ಇಂತಿ,
ಸಿದ್ದರಾಜುವಿನ ಮನೆಯ
ಚಲುವಮ್ಮ

ತಾ.ಕ.: ಅವರು ಕಾಣಲಿಲ್ಲವೆಂದು ಅತ್ತೆಗೆ ಹೇಳಿದ್ದು ನಿಜವಲ್ಲ. ನಿನ್ನ ಮನೆಯಿಂದ ಹೊರಟವಳಿಗೆ ಎಸ್ಟೇಟಿನ ಗೇಟಿನಲ್ಲಿ ಎದುರಾದರು. “ಚಲುವಿ, ಅವಳ್ಗೆ ಏನೂ ಹೇಳ್ಬ್ಯಾಡ, ಬಸ್ರಿ ಹೆಂಗ್ಸು” ಎಂದರು. ಆಗಲಿ ಎಂದು ತಲೆಯಾಡಿಸಿದೆ. ಬಸ್ಸು ಬರುವವರೆಗೂ ಪಕ್ಕದಲ್ಲೇ ನಿಂತಿದ್ದರು. ಕಾಫಿ ಹಣ್ಣಿನ ಪಿಕಿಂಗ್ ಮುಗಿಯುತ್ತಾ ಬಂತು ಎಂದರು, ಗಿಡ ಹೂಬಿಡಲು ಹೂಮಳೆ ಬೇಗ ಬಂದರೆ ಒಳ್ಳೆಯದು ಎಂದರು, ನನ್ನ ಮಡಿಲಿನ ಹಣ್ಣು ನೋಡಿ ಈ ವರ್ಷ ಚೆನ್ನಾಗಿ ಬಂದಿದೆ ಎಂದರು. ಅವ್ವ ಇದ್ದಾಳಾ ಎಂದು ಮಾತ್ರ ಕೇಳಲಿಲ್ಲ.