ಓಣಿಯ ಗೂಟ

ನವೆಂಬರ್ 4, ಸೋಮವಾರ. ಬನಹಟ್ಟಿ

…ಗ್ವಾಡಿ ನಮ್ದು, ಗೂಟ — ಮುಂದೇನು? ಅವ್ವ ಏನೋ ಹೇಳುತ್ತಿದ್ದಳು, ಹಿಟ್ಟು ನಾದುತ್ತ. ನೆನಪಿರುವುದು ಅರ್ಧ. ಉಳಿದರ್ಧವನ್ನು ಕೇಳಿಸಿಕೊಂಡಿರಲೇ ಇಲ್ಲವೇನೋ.

ಸುಣ್ಣ ಹೊಡೆಸುವ ಕೆಲಸ ಮೂರನೆಯ ದಿನಕ್ಕೆ ಬಂತು. ಗುರುವಾರ ಮಲ್ಲಿನಾಥ ಮನೆ ನೋಡಲು ಬರುತ್ತಾನೆ. ರಬಕವಿಯವನು, ಮೊಬೈಲ್ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಸಂಸಾರ ಅಂತ ಅವನ ಯೋಚನೆ. ಅವ್ವ ಹೋಗಿ ವರ್ಷವಾಯಿತು. ನಾನು ಧಾರವಾಡದಲ್ಲಿ ಹುಡುಗರಿಗೆ ಡ್ರಾಯಿಂಗ್ ಕಲಿಸಿಕೊಂಡಿರುವವನು. ಮುಧೋಳದಲ್ಲಿ ತಂಗಿ ಶೀತಲಳ ಮನೆ ಸ್ಲ್ಯಾಬ್ ಇಲ್ಲದೆ ನಿಂತಿದೆ. ಇದನ್ನು ಮಾರಿದರೆ ಅದು ಏಳುತ್ತದೆ. ದುಃಖಪಡುವಂಥದ್ದೇನೂ ಇಲ್ಲ… ಈ ವಾಕ್ಯವನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ.

ಮುಂದಿನ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಕಬ್ಬಿಣದ ಒಂದು ಗೂಟ ಚಾಚಿಕೊಂಡಿತ್ತು. ನೇಯ್ಗೆಯ ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳನ್ನು, ಕಟ್ಟುವ ಗೂಟ. ಓಣಿಯಲ್ಲಿ ಈಗೆಲ್ಲ ಪವರ್‌ಲೂಮ್, ಅದರ ಸದ್ದೇ ಬೆಳಗಿನಿಂದ. ಕೈಮಗ್ಗ ಯಾರ ಮನೆಯಲ್ಲಿದೆ ಎಂದುಕೊಂಡೆ. ಗವಂಡಿ ಸೋಮಲಿಂಗ ಕೇಳಿದ, "ಇದನ್ನೇನ್ ಮಾಡೂನ್ರಿ?"

ಕೊಯ್ಯಿಸಿದೆ. ಎರಡು ನಿಮಿಷದ ಕೆಲಸ. ಗೋಡೆ ಈಗ ಸಪಾಟು. ಚೆನ್ನಾಗಿದೆ.

ನವೆಂಬರ್ 5

ಚೆನ್ನಾಗಿಲ್ಲ.

ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ಎದುರು ಮನೆಯ ರುಕ್ಮವ್ವ ಕಾಕು, ಪಕ್ಕದ ಮನೆಯ ದಸ್ತಗೀರ. ನೂಲಿಗೆ ಬಣ್ಣ ಹಾಕುವವನು ಅವನು, ನೇಯುವವಳು ಅವಳು. ಇಬ್ಬರ ಕೈಯಲ್ಲೂ ಗಂಜಿಯಲ್ಲಿ ಅದ್ದಿದ ಕೆಂಪು ಹಾಸು, ತೊಟ್ಟಿಕ್ಕುತ್ತ. ಕಾಕು ಗೋಡೆ ನೋಡಿದಳು. ನನ್ನನ್ನು ನೋಡಿದಳು.

"ಗೂಟ ಎಲ್ಲಿ ಹೋತೋ ಚಿದೂ?"

"ಕೊಯ್ಸಿದೆ ಕಾಕು. ಈಗ ಯಾರೂ ಕಟ್ಟಾಂಗಿಲ್ಲ ಅಂತ…"

"ನಾ ಸತ್ತೇನಿ ಅಂತ ಯಾರ ಹೇಳಿದ್ರೋ ನಿನಗ?"

ಒದ್ದೆ ಹಾಸನ್ನು ಓಣಿಯುದ್ದಕ್ಕೆ ಬಿಗಿದು, ಕುಂಚದಿಂದ ತಿಕ್ಕಿ ಒಣಗಿಸಬೇಕು. ಹಾಗೇ ಬಿಟ್ಟರೆ ಎಳೆಗೆ ಎಳೆ ಅಂಟಿ ನೂಲೆಲ್ಲ ಹಾಳು. ಆ ತುದಿಗೆ ಬೇವಿನ ಮರವಿದೆ. ಈ ತುದಿಗೆ ನಮ್ಮ ಗೂಟವಿತ್ತು. ಕಿಟಕಿಯ ಸರಳು ತಡೆಯುವುದಿಲ್ಲ. ಕಾಕು ಹಗ್ಗ ತೆಗೆದು ನನ್ನ ಸೊಂಟಕ್ಕೇ ಸುತ್ತಿದಳು.

"ಗೂಟ ಕೊಯ್ಸಿದಾವ್ನ ಗೂಟ ಆಗ್ಬೇಕು. ಬೆನ್ನ ಗ್ವಾಡಿಗೆ ಹಚ್ಚು."

ಎರಡೂವರೆ ಗಂಟೆ ನಿಂತೆ. ಒಮ್ಮೆ ಗಂಟಲು ಕೆರೆಯಿತು. ಆ ತುದಿಯಿಂದ ದಸ್ತಗೀರ ಕೂಗಿದ, "ಮಾಸ್ತರ, ಗೂಟ ಕೆಮ್ಮಾಂಗಿಲ್ರಿ!" ಓಣಿಯೆಲ್ಲ ನಕ್ಕಿತು. ಅವನ ಹೆಂಡತಿ ಚಹಾ ಕುಡಿಸಿದಳು. ಮೂಲೆಯ ಜೈನರ ಮನೆಯಿಂದ ಅವಲಕ್ಕಿ ಬಂತು. ಮಾರವಾಡಿ ಅಂಗಡಿಯ ಮುದುಕ ಫೋಟೋ ತೆಗೆದ. ಸೊಂಟದ ಸುತ್ತ ಇಡೀ ಓಣಿಯ ಎಳೆತ… ನೋವು. ನೋವಷ್ಟೇ ಅಲ್ಲ. ಇರಲಿ.

ಬಿಚ್ಚಲು ಕಾಕು ಹಲ್ಲು ಹಚ್ಚಬೇಕಾಯಿತು. "ನಿಮ್ಮವ್ವನ ಗಂಟು ಹಿಂಗಲ್ಲೋ. ಆನಿ ಜಗ್ಗಿದ್ರೂ ಸಡ್ಲ ಆಗತಿರಲಿಲ್ಲ. ಹಗ್ಗದ ಬಾಲ ಹಿಡ್ದ ಒಮ್ಮಿ ಎಳದ್ರ ಬಿಚ್ಚಿ ಖಾಲಿ. ಗಂಟು ಹಾಕೂದು ಗೂಟದ ಮನಿಯಾವ್ರ ಕೆಲಸ. ಹಾಸು ಹರದ್ರ ಗಂಟು ಯಾರದು ಅಂತ ಒಬ್ರಿಗೊಬ್ರು ಬೈದಾಡಬಾರದಂತ. ನಿಮ್ಮವ್ವ ಅನಸವ್ವ ಹೋದಮ್ಯಾಲ ಹೆಂಗೋ ನಾನ ಹಾಕ್ತೇನಿ."

ಅವ್ವನ ಮಾತಿನ ಉಳಿದರ್ಧ ಕೇಳಿದೆ. ಕಾಕುವಿಗೆ ಗೊತ್ತಿತ್ತು.

"ಗ್ವಾಡಿ ನಮ್ದು, ಗೂಟ ಓಣಿದು. ನಿಮ್ಮಜ್ಜ ಮನಿ ಕಟ್ಟೂಮುಂದ ಎರಡ ಮೊಳ ಓಣಿಗೆ ಬಂದಿದ್ದ. ಹಾಸು ಹಾಕಾಕ ಜಾಗಾ ಕಡಿಮಿ ಆತು. ಕೆಡವು ಅನಲಿಲ್ಲ ಮಂದಿ. ಗೂಟ ಬಡಿ, ನಿಮ್ಮ ಮನಿ ಕೈಲೇ ಗಂಟ ಹಾಕ್ರಿ ಅಂದ್ರು."

ನವೆಂಬರ್ 7

ಮಲ್ಲಿನಾಥ ಬಂದ. ಅಟ್ಟ, ಹಿತ್ತಲು, ಬಚ್ಚಲು ಎಲ್ಲ ಮೆಚ್ಚಿದ. ಗೂಟ ಮತ್ತೆ ಬಡಿಸುತ್ತೇನೆ, ಅದನ್ನು ಉಳಿಸಿಕೊಳ್ಳಬೇಕು ಎಂದೆ.

"ಅಲ್ಲೇ ಶಟರ್ ಬರ್ತೈತ್ರಿ. ನಾ ಮನಿ ತಗೊಳ್ಳಾಕ ಬಂದೇನೋ, ಗೂಟ ತಗೊಳ್ಳಾಕೋ?"

ಹೋದ. ಚಹಾ ಅರ್ಧ ಬಿಟ್ಟು.

ನವೆಂಬರ್ 8

ಶೀತಲಳ ಫೋನ್. "ಒಂದ ಗೂಟದ ಸಲುವಾಗಿ ಗಿರಾಕಿ ಕಳ್ಕೋತಿ ಏನ ಅಣ್ಣಾ? ಮಳಿ ಬಂದ್ರ ನಾವು ಛತ್ರಿ ಹಿಡ್ಕೊಂಡ ಮಲಗೂದೇನು?" ಅವಳ ಮಾತು ಖರೆ. ಆಮೇಲೆ ಅವಳೇ — "ಅವ್ವ ಇದ್ದಿದ್ರ ನಿನ್ನ ಬೆನ್ನಾಗ ಲಟ್ಟಣಗಿ ಮುರೀತಿದ್ಲು. ಖರೇನ ಕೊಯ್ಸಿದೀ?" ನಕ್ಕಳು. ಅಥವಾ ಅತ್ತಳು. ಫೋನಿನಲ್ಲಿ ಎರಡೂ ಒಂದೇ.

ನವೆಂಬರ್ 19

ಹತ್ತು ದಿನ ಬರೆದಿಲ್ಲ. ಬೇರೆ ಗಿರಾಕಿ ಬರಲಿಲ್ಲ. ರಜೆ ಮುಗಿಯುತ್ತ ಬಂತು. ಮತ್ತೊಮ್ಮೆ ಗೂಟವಾದೆ, ಈ ಸಲ ಹೊಟ್ಟೆಗೆ ಟವೆಲ್ ಸುತ್ತಿಕೊಂಡು.

ಹಾಗೆ ನಿಂತಿರುವಾಗಲೇ ಮಲ್ಲಿನಾಥ ಮತ್ತೆ ಬಂದ. ಬೈಕ್ ದೂರ ನಿಲ್ಲಿಸಿದ. ಹಾಸಿನ ಕೆಳಗೆ ತೂರಿ ಈಚೆ ಬಂದ — ತಲೆಯ ಮೇಲೆ ಅಂಗೈ ಇಟ್ಟು, ಮೊಳಕಾಲು ಮಡಚಿ, ಒಂದು ಎಳೆಗೂ ತಾಗದೆ. ಇಂಥ ಓಣಿಯಲ್ಲಿ ಬೆಳೆದವರಷ್ಟೇ ಹಾಗೆ ಬರುತ್ತಾರೆ.

"ಯಾರ ಪೈಕಿ ನೀನು?" ಕಾಕು ಕೇಳಿದಳು.

"ನಮ್ಮಾಯಿ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತತಿದ್ಲರಿ. ಮೊನ್ನಿ ಹೋಗಿ ಗೂಟದ ಸುದ್ದಿ ಹೇಳಿದ್ರ… ಎರಡ ದಿನ ನನ್ನ ಕೂಡ ಮಾತ ಬಿಟ್ಲರಿ." ನನ್ನತ್ತ ತಿರುಗಿದ. "ಶಟರ್ ಸಣ್ಣದ ಮಾಡ್ತೇನ್ರಿ ಸರ್. ಗೂಟ ಇರ್ಲಿ. ಆದ್ರ ಗಂಟು ಮನಿಯಾವ್ರ ಹಾಕ್ಬೇಕಂತ ಆಯಿ ಹೇಳಿದ್ಲು, ಅದನ್ನ ನನಗ ಕಲಿಸಿ ಹೋಗ್ರಿ."

"ಕಲಿಸ್ತೇನಿ," ಎಂದುಬಿಟ್ಟೆ. ಕಾಕು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಗಂಟು ನನಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತು.

ನವೆಂಬರ್ 25

ಜಮಖಂಡಿಯಲ್ಲಿ ರಜಿಸ್ಟರ್ ಆಯಿತು. ಶೀತಲ ಬಂದು ಸಹಿ ಮಾಡಿ ಹೋದಳು. ಗೂಟದ ಮಾತನ್ನೂ ಕಾಗದದಲ್ಲಿ ಸೇರಿಸಿ ಎಂದೆ. ಕಾಗದ ಬರೆಯುವವ ಕನ್ನಡಕದ ಮೇಲಿಂದ ನೋಡಿದ. "ಗೂಟಕ್ಕ ಕಾಲಮ್ಮಿಲ್ರಿ." ಮಲ್ಲಿನಾಥ ಅಂದ, "ನಮ್ಮಾಯಿ ಅದಾಳಲ್ರಿ, ಸಾಕು."

ಸೋಮಲಿಂಗ ಹೊಸ ಗೂಟ ಕೂರಿಸಿ ನಾಲ್ಕು ದಿನವಾಯಿತು. ಸಿಮೆಂಟು ಬಿಗಿದಿದೆ.

ನವೆಂಬರ್ 26, ಬೆಳಿಗ್ಗೆ ಏಳೂವರೆ

ಹೊರಗೆ ಹಾಸು ಸಿದ್ಧ. ಈ ಸಲ ಹಸಿರು. ಮಲ್ಲಿನಾಥ ತೋಳು ಮಡಚಿ ನಿಂತಿದ್ದಾನೆ, ಸಾಲೆಗೆ ಹೊಸದಾಗಿ ಸೇರಿದವನ ಹಾಗೆ. ಚಷ್ಮಾ ತರುವ ನೆಪದಲ್ಲಿ ಒಳಗೆ ಬಂದಿದ್ದೇನೆ. ಒಂಬತ್ತಕ್ಕೆ ಧಾರವಾಡದ ಬಸ್ಸು.

ಆರು ದಿನದಿಂದ ಈ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗಂಟು ಹಾಕುವ ಅವ್ವನ ಕೈ ಬಿಡಿಸುತ್ತಿದ್ದೇನೆ. ಬಳೆ ಮೊಣಕೈಗೆ ಸರಿಸಿದ್ದು ಬಂತು. ಸುಟ್ಟ ಹೆಬ್ಬೆರಳು ಬಂತು. ಹಗ್ಗದ ಬಾಲವನ್ನು ಕಿರುಬೆರಳಲ್ಲಿ ಹಿಡಿಯುತ್ತಿದ್ದದ್ದೂ ಬಂತು — ಅದು ನೆನಪಿದೆಯೆಂದು ನನಗೇ ಗೊತ್ತಿರಲಿಲ್ಲ. ಎರಡನೆಯ ಸುತ್ತು, ಮಡಿಕೆ, ಮಡಿಕೆಯೊಳಗಿನ ಮಡಿಕೆ… ಸರಿಯಿದೆ. ಮಂಚದ ಕಾಲಿಗೆ ಕಟ್ಟಿ ನೋಡಿದೆ. ಸುರುವಿನಲ್ಲೇ ಜಾರುತ್ತದೆ.

"ಚಿದೂ, ಗಂಜಿ ಒಣಗಾಕತ್ತೈತಿ, ಬಾರೋ!" — ಕಾಕು.

ಅವ್ವಾ, ಮೊದಲನೆಯ ಸುತ್ತು ಗೂಟದ ಮೇಲಿಂದಲೋ, ಕೆಳಗಿಂದಲೋ?