ಅತ್ತೆ ಹೊಲಿದಿಟ್ಟ ಮೆಟ್ಟು

ಅತ್ತೆ,

ಈಗ ನೀವಿಲ್ಲ, ಅದಕ್ಕೇ ನೇರವಾಗಿ ಹೇಳುವ ಧೈರ್ಯ. ನಿಮ್ಮ ಮಣ್ಣಿನ ಮನೆಯಲ್ಲಿ ಹನ್ನೊಂದು ಚಳಿಗಾಲ ಕಳೆದೆ. ಅತ್ತೆ ಅಳಿಯ ಮಾತಾಡಬಾರದೆಂಬ ನಮ್ಮ ಕುಲದ ಕಟ್ಟಳೆಯನ್ನು ಇಬ್ಬರೂ ಮುರಿಯಲಿಲ್ಲ. ಏನಿದ್ದರೂ ನೀವು ನಾಯಿಗೆ ಹೇಳುತ್ತಿದ್ದಿರಿ: "ಲೇ ಬೂದಾ, ಆ ಮನುಷ್ಯಂಗೆ ಹೇಳು, ಜೋಳದ ಗಂಜಿ ಆರ್ತಾ ಇದೆ. ಎತ್ತಿ ಬಾಯಿಗಿಡಬೇಕಾ?"

ಸಾಯುವ ಮುನ್ನ ನೀವು ಮಣ್ಣು ಮೆತ್ತಿ ಮುಚ್ಚಿದ್ದ, ಕಾಳುಕಡಿ ಇಡುವ ನೆಲದಡಿಯ ಹಗೇವನ್ನು ಇವತ್ತು ತೆರೆದೆವು. ನಿಮ್ಮ ಮಗಳು ಮೇಲೆ ನಿಂತಳು, ನಾನು ಏಣಿ ಇಳಿದೆ. ಒಣಗಿದ ಕುಂಬಳದ ಸರಗಳ ಕೆಳಗೆ ಕಾಡೆಮ್ಮೆ ತೊಗಲಿನ ಒಂದು ಜೊತೆ ಹೊಸ ಮೆಟ್ಟು ಸಿಕ್ಕಿತು. ಎಡಗಾಲಿನದನ್ನು ನನ್ನ ಸೊಟ್ಟ ಹೆಬ್ಬೆರಳಿಗಾಗಿ ಅಗಲ ಬಿಟ್ಟು ಹೊಲಿದಿದ್ದಿರಿ.

ನನ್ನೆದುರು ನೀವು ಎಂದೂ ತಲೆ ಎತ್ತಿದವರಲ್ಲ. ಅಷ್ಟೂ ವರ್ಷ ನನ್ನ ಕಾಲನ್ನೇ ನೋಡಿದ್ದಿರಿ.

ಮೆಟ್ಟಿಕೊಂಡು ಮೇಲೆ ಬಂದೆ. "ಬೂದಾ, ಅತ್ತೆಗೆ ಹೇಳೋ, ಸರಿಹೋಯ್ತು ಅಂತ," ಎಂದೆ.

ನಾಯಿ ಎದ್ದು ನಿಮ್ಮ ಖಾಲಿ ಹಾಸಿಗೆಯತ್ತ ಹೋಯಿತು.